ನಮೂನೆ ನೂರು, ಕಡತ ಒಂದು: ಕಲಬುರಗಿ ಸೀಮೆಯ ಸಿಸ್ಟಮ್ ಅಡ್ಮಿನ್‌ಗಳಿಗೆ ಬಹಿರಂಗ ಪತ್ರ

ತಾಜಸುಲ್ತಾನಪುರ, ಕಲಬುರಗಿ

ಕಲಬುರಗಿ ನಗರ, ತಾಜಸುಲ್ತಾನಪುರ ಮತ್ತು ಕಮಲಾಪುರದಿಂದ ಹೊರಟು ಬೆಂಗಳೂರು, ಹೈದರಾಬಾದುಗಳ ಡೇಟಾ ಸೆಂಟರುಗಳಲ್ಲಿ ಹಗಲು ರಾತ್ರಿ ಪಾಳಿಯಲ್ಲಿ ದುಡಿಯುತ್ತಿರುವ, ಹಾಗೆಯೇ ಊರಲ್ಲೇ ಉಳಿದು ಕಚೇರಿ, ಬ್ಯಾಂಕು, ಕಾಲೇಜುಗಳ ಗಣಕ ವಿಭಾಗಗಳನ್ನು ನೋಡಿಕೊಳ್ಳುತ್ತಿರುವ ಎಲ್ಲ ಸಿಸ್ಟಮ್ ಅಡ್ಮಿನ್‌ಗಳಿಗೆ,



ಒಬ್ಬ ನೌಕರನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ನಡೆಯಬೇಕಾದ ಕೆಲಸವೆಲ್ಲ ದೂರದ ಸರ್ವರೊಂದರಲ್ಲಿ ನಡೆದು, ಪರದೆಯ ಚಿತ್ರವಷ್ಟೇ ಮೇಜಿನವರೆಗೆ ಬಂದು, ಕೀಲಿ ಒತ್ತಿದ ಮತ್ತು ಮೌಸ್ ಸರಿಸಿದ ಸುದ್ದಿಯಷ್ಟೇ ಸರ್ವರಿಗೆ ಮರಳುವ ಏರ್ಪಾಡನ್ನು ವರ್ಚುವಲ್ ಡೆಸ್ಕ್‌ಟಾಪ್ ವ್ಯವಸ್ಥೆ ಎನ್ನುತ್ತಾರೆ. ಅದರಲ್ಲಿ ದುಡಿಯುವವರ ಬಾಯಲ್ಲಿ ಅದು ವಿಡಿಐ. ಆ ವ್ಯವಸ್ಥೆಯನ್ನು ಒಂದೇ ಕಟ್ಟಡದಲ್ಲಿ ಇರಿಸದೆ ಎರಡು ಮೂರು ಊರುಗಳ ಡೇಟಾ ಸೆಂಟರುಗಳಲ್ಲಿ ಹರಡಿ ನಡೆಸುವ ಕೆಲಸವೇ ಈ ಪತ್ರದ ವಿಷಯ. ಹೇಳಬೇಕಾದ ಮಾತು ಮುಖ್ಯವಾಗಿ ಒಂದೇ: ಎರಡು ಊರಿನಲ್ಲಿ ಯಂತ್ರಗಳಿದ್ದ ಮಾತ್ರಕ್ಕೆ ಎರಡು ಊರಿನಿಂದ ಕೆಲಸ ನಡೆಯುವುದಿಲ್ಲ, ಏಕೆಂದರೆ ಡೆಸ್ಕ್‌ಟಾಪನ್ನು ಎಷ್ಟು ಬೇಕಾದರೂ ನಕಲು ಮಾಡಬಹುದಾದರೂ ಅದನ್ನು ಬಳಸುವ ವ್ಯಕ್ತಿಯ ಕೆಲಸಕ್ಕೆ ಒಂದು ಹೊತ್ತಿನಲ್ಲಿ ಒಂದೇ ಮೂಲ ಪ್ರತಿ ಇರಬೇಕು, ಆ ಮೂಲ ಪ್ರತಿ ಯಾವ ಊರಿನಲ್ಲಿದೆ, ಅದರ ಮೇಲೆ ಬರೆಯುವ ಹಕ್ಕು ಯಾವ ಊರಿನದು ಎಂಬುದನ್ನು ಮೊದಲೇ ತೀರ್ಮಾನಿಸಿಡುವುದೇ ಈ ಆಡಳಿತದ ತಿರುಳು.

ಕಲ್ಪನೆ ಹಳೆಯದು. ಐಬಿಎಂ ಸಂಸ್ಥೆ 1972ರಲ್ಲಿ ಹೊರತಂದ ವಿಎಂ/370 ಒಂದು ದೊಡ್ಡ ಯಂತ್ರವನ್ನು ಹಲವು ಬಳಕೆದಾರರಿಗೆ ಅವರವರದೇ ಯಂತ್ರವೆಂಬಂತೆ ಹಂಚುತ್ತಿತ್ತು; 1989ರಲ್ಲಿ ಇದೇ ಹಾದಿಯ ತಂತ್ರಾಂಶಗಳನ್ನು ಮಾಡುವ ಸಿಟ್ರಿಕ್ಸ್ ಸಂಸ್ಥೆ ಹುಟ್ಟಿತು; 1998ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯನ್ನು ತಂದಿತು; 2006ರ ಹೊತ್ತಿಗೆ ವಿಎಂವೇರ್ ವಿಡಿಐ ಎಂಬ ಹೆಸರನ್ನು ರೂಢಿಗೆ ತಂದಿತು. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ಯುವಜನರು ಮನೆಯ ಪಡಸಾಲೆಯಲ್ಲಿ ಕುಳಿತು ದೂರದ ಕಚೇರಿಯ ಡೆಸ್ಕ್‌ಟಾಪನ್ನು ತೆರೆದಾಗ ಈ ಕಲ್ಪನೆ ಕಲ್ಯಾಣ ಕರ್ನಾಟಕದ ಮನೆಮನೆಯ ಅನುಭವವಾಯಿತು.

ಒಂದು ಕಡೆ ಕೂಡಿಡುವುದರ ಲಾಭ ನಷ್ಟಗಳನ್ನು ತೂಗಿ ನೋಡಲು ಈ ಸೀಮೆಯವರಿಗೆ ಪಹಣಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಹಿಂದಿನ ಮತ್ತು ಈಗಿನ ಶತಮಾನಗಳ ಸಂಧಿಯಲ್ಲಿ ಕರ್ನಾಟಕ ಸರ್ಕಾರ ಕೈಗೊಂಡ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕೈಬರಹದಿಂದ ಗಣಕಕ್ಕೆ ಏರಿದವು. ಆಗ 177 ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದಕ್ಕೂ ತನ್ನದೇ ಸರ್ವರ್ ಇತ್ತು, 15 ರೂಪಾಯಿ ಕೊಟ್ಟ ರೈತನಿಗೆ ಮುದ್ರಿತ ಪ್ರತಿ ಸಿಗುತ್ತಿತ್ತು. ಕಮಲಾಪುರ ಆಗ ಇನ್ನೂ ತಾಲ್ಲೂಕಾಗಿರಲಿಲ್ಲ, ಅಲ್ಲಿನವರು ಸುಮಾರು 35 ಕಿಲೋಮೀಟರ್ ದೂರದ ಕಲಬುರಗಿಗೆ ಬರಬೇಕಿತ್ತು. ಮುಂದಿನ ವರ್ಷಗಳಲ್ಲಿ ದಾಖಲೆಗಳೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿ, ತಾಲ್ಲೂಕುಗಳು ರಾಜ್ಯವ್ಯಾಪಿ ಜಾಲದ ಮೂಲಕ ಅದನ್ನು ತಲುಪುವಂತಾದವು. ತಾಲ್ಲೂಕಿಗೊಂದು ಸರ್ವರ್ ಇದ್ದ ಕಾಲದಲ್ಲಿ ಒಂದು ಕೆಟ್ಟರೆ ಒಂದು ತಾಲ್ಲೂಕು ನಿಲ್ಲುತ್ತಿತ್ತು. ಕೂಡಿಟ್ಟ ಮೇಲೆ ಭದ್ರತೆ ಹೆಚ್ಚಿತು, ನಿರ್ವಹಣೆ ಸುಲಭವಾಯಿತು, ತಿದ್ದುಪಡಿ ಒಂದೇ ದಿನದಲ್ಲಿ ಎಲ್ಲೆಡೆ ತಲುಪುವಂತಾಯಿತು, ಆದರೆ ಒಂದು ಕಡೆ ತೊಡಕಾದರೆ ಎಲ್ಲ ಕಡೆಯೂ ನಿಲ್ಲುವ ಸಾಧ್ಯತೆಯೂ ಜೊತೆಗೆ ಬಂತು. ಯಾವುದೇ ಗಣಕೀಕೃತ ಕಚೇರಿಯ ಕಿಟಕಿಯಲ್ಲಿ ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂಬ ಮಾತು ಕೇಳಿಸುವುದು ಆ ಸಾಧ್ಯತೆ ನಿಜವಾದ ದಿನಗಳಲ್ಲಿ. ವಿಡಿಐ ದಾಖಲೆಯನ್ನಷ್ಟೇ ಅಲ್ಲ, ಕೆಲಸದ ಮೇಜನ್ನೇ ಕೂಡಿಡುವ ವ್ಯವಸ್ಥೆಯಾದ್ದರಿಂದ ಅಲ್ಲಿ ಈ ಅಪಾಯ ಇನ್ನೂ ದೊಡ್ಡದು.

ಎರಡನೆಯ ತಾಣ ಬೇಕಾಗುವುದು ಈ ಕಾರಣಕ್ಕೆ. ದಕ್ಷಿಣ ಕೊರಿಯಾದ ದೇಜಾನ್ ನಗರದಲ್ಲಿರುವ ಅಲ್ಲಿನ ಸರ್ಕಾರದ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಹೊತ್ತಿಕೊಂಡ ಬೆಂಕಿಯಿಂದ, ಮೊದಲ ಎಣಿಕೆಯಂತೆ 647 ಸರ್ಕಾರಿ ವ್ಯವಸ್ಥೆಗಳು ಒಮ್ಮೆಗೇ ನಿಂತುಹೋದವು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇರಿಸುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹದ 858 ಟೆರಾಬೈಟ್ ಮಾಹಿತಿಗೆ ಹೊರಗೆಲ್ಲೂ ಪ್ರತಿ ಇರಲಿಲ್ಲವಾದ್ದರಿಂದ ಅದು ಸುಟ್ಟೇಹೋಯಿತು. ಕಡತವನ್ನು ಮೇಜಿನ ಕಂಪ್ಯೂಟರಿನಲ್ಲಿ ಇಡದೆ ಕೇಂದ್ರದಲ್ಲೇ ಇಡಬೇಕೆಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಇಲಾಖೆಯವರೇ ಹೆಚ್ಚು ಕಳೆದುಕೊಂಡರು ಎಂಬುದು ಆ ಘಟನೆಯ ಅತ್ಯಂತ ನೋವಿನ ಸಂಗತಿ. ವಿಡಿಐ ನಡೆಸುವವರು ಬಳಕೆದಾರರಿಗೆ ದಿನವೂ ಕೊಡುವ ಸೂಚನೆ ಅದೇ ಆಗಿರುವುದರಿಂದ, ಆ ಸೂಚನೆ ಕೊಡುವ ಕೈಗೆ ಎರಡನೆಯ ಪ್ರತಿಯ ಹೊಣೆಯೂ ಅಂಟಿಕೊಂಡಿರುತ್ತದೆ.

ತಾಣಗಳನ್ನು ಆರಿಸುವಾಗ ಒಂದೇ ಆಪತ್ತು ಎರಡನ್ನೂ ತಟ್ಟದಂತೆ ನೋಡಿಕೊಳ್ಳಬೇಕೆಂಬುದು ಎಲ್ಲರೂ ಬಲ್ಲ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿ ಕುಸಿದು ಸುಮಾರು 10,000 ಜನ ಸತ್ತ ಭೂಕಂಪವನ್ನು ಈ ಜಿಲ್ಲೆಯ ಹಿರಿಯರು ಮರೆತಿಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ನೆಲ ನಡುಗಿತೆಂದು ಮನೆಯ ಹೊರಗೆ ರಾತ್ರಿ ಕಳೆದದ್ದು ಇನ್ನೂ ಹೊಸ ನೆನಪು. ದೂರ ಹೆಚ್ಚಿದಷ್ಟೂ ಆಪತ್ತು ಹಂಚಿಹೋಗುತ್ತದೆ ಎಂಬುದು ನಿಜ. ಆದರೆ ದೂರಕ್ಕೆ ಬೆಲೆಯೂ ಇದೆ, ಮತ್ತು ಆ ಬೆಲೆಯ ಲೆಕ್ಕವನ್ನು ಬಿಡಿಸಿ ನೋಡುವುದು ಅಗತ್ಯ.

ಲೆಕ್ಕಕ್ಕೆ ಮೊದಲು ನಮೂನೆ ಮತ್ತು ಕಡತಗಳ ಭೇದವನ್ನು ಗಮನಿಸಬೇಕು. ವಿಡಿಐಯಲ್ಲಿ ಗೋಲ್ಡನ್ ಇಮೇಜ್ ಎಂಬುದೊಂದಿದೆ. ಆಪರೇಟಿಂಗ್ ಸಿಸ್ಟಮ್ ಮತ್ತು ಕಚೇರಿಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಅಳವಡಿಸಿ, ಪರೀಕ್ಷಿಸಿ, ಮುದ್ರೆಯೊತ್ತಿ ಇಟ್ಟ ಮಾದರಿ ಅದು. ಬೆಳಿಗ್ಗೆ ನೌಕರನೊಬ್ಬ ಲಾಗಿನ್ ಆದಾಗ ಆ ಮಾದರಿಯಿಂದ ಕೆಲವೇ ಕ್ಷಣಗಳಲ್ಲಿ ಒಂದು ಡೆಸ್ಕ್‌ಟಾಪ್ ಹುಟ್ಟುತ್ತದೆ, ಸಂಜೆ ಲಾಗೌಟ್ ಆದಾಗ ಅಳಿಯುತ್ತದೆ. ಕಚೇರಿಯ ಭಾಷೆಯಲ್ಲಿ ಅದು ಮುದ್ರಿತ ಖಾಲಿ ನಮೂನೆಯ ಹಾಗೆ: ಬೆಂಗಳೂರಿನಲ್ಲಿ ನೂರು, ಕಲಬುರಗಿಯಲ್ಲಿ ನೂರು ಅಚ್ಚು ಹಾಕಿಸಿದರೂ ತಂಟೆಯಿಲ್ಲ. ನೌಕರನ ಫೈಲುಗಳು, ಇಮೇಲಿನ ಸಂಗ್ರಹ, ಅರ್ಧ ಬರೆದ ಟಿಪ್ಪಣಿ, ಬ್ರೌಸರಿನ ಗುರುತುಗಳು, ಪರದೆಯ ಜೋಡಣೆ ಇವೆಲ್ಲ ಕೂಡಿದ ಪ್ರೊಫೈಲ್ ಮಾತ್ರ ತುಂಬಿದ ಕಡತದ ಹಾಗೆ. ಮೈಕ್ರೋಸಾಫ್ಟ್ 2018ರಲ್ಲಿ ಕೊಂಡುಕೊಂಡ ಎಫ್‌ಎಸ್‌ಲಾಜಿಕ್ಸ್‌ನಂಥ ತಂತ್ರಾಂಶ ಈ ಇಡೀ ಪ್ರೊಫೈಲನ್ನು ಒಂದು ವರ್ಚುವಲ್ ಡಿಸ್ಕಿನ ಕಡತದಲ್ಲಿ ಕಟ್ಟಿಟ್ಟು, ಲಾಗಿನ್ ಹೊತ್ತಿನಲ್ಲಿ ಡೆಸ್ಕ್‌ಟಾಪಿಗೆ ಜೋಡಿಸುತ್ತದೆ. ಒಬ್ಬ ಬಳಕೆದಾರ ಅದನ್ನು ತೆರೆದಿರುವಾಗ ಸಾಮಾನ್ಯವಾಗಿ ಬೇರೆ ಕಡೆಯಿಂದ ಅದರಲ್ಲಿ ಬರೆಯಲಾಗದಂತೆ ಬೀಗ ಬೀಳುತ್ತದೆ. ಕಂದಾಯ ಕಚೇರಿಯಲ್ಲಿ ದೃಢೀಕೃತ ನಕಲುಗಳು ಎಷ್ಟಾದರೂ ಇರಬಹುದು, ಮೂಲ ಕಡತ ಮಾತ್ರ ಒಂದೇ. ಒಂದೇ ಸರ್ವೆ ನಂಬರಿಗೆ ಎರಡು ಮೂಲ ಕಡತಗಳು ಹುಟ್ಟಿದ ದಿನ ವ್ಯಾಜ್ಯವೂ ಹುಟ್ಟುತ್ತದೆ. ಎರಡು ತಾಣಗಳ ನಡುವಿನ ತಂತಿ ಕಡಿದು, ಎರಡೂ ತಾಣಗಳು ಜೀವಂತವಾಗಿದ್ದು, ಇನ್ನೊಂದು ಸತ್ತಿದೆಯೆಂದು ಎರಡೂ ಭಾವಿಸಿ ಒಂದೇ ಪ್ರೊಫೈಲಿನಲ್ಲಿ ಬರೆಯತೊಡಗುವ ಸ್ಥಿತಿ ಅಂಥದ್ದೇ. ವೃತ್ತಿಯವರು ಅದನ್ನು ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ. ತಂತಿ ಮತ್ತೆ ಕೂಡಿದಾಗ ಎರಡು ಬರವಣಿಗೆಗಳಲ್ಲಿ ಒಂದನ್ನು ಹರಿದು ಹಾಕದೆ ಬೇರೆ ದಾರಿ ಇರುವುದು ಅಪರೂಪ.

ಇದನ್ನು ತಪ್ಪಿಸಲು ಎರಡು ಕಡೆಯೂ ಒಂದೇ ಕ್ಷಣದಲ್ಲಿ ಬರೆಯುವಂತೆ ಮಾಡಬಹುದಲ್ಲ ಎಂಬ ಪ್ರಶ್ನೆ ಸಹಜ. ದೂರದ ಬೆಲೆ ಗೊತ್ತಾಗುವುದು ಇಲ್ಲಿ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಎಂದರೆ ಪ್ರತಿ 100 ಕಿಲೋಮೀಟರಿಗೆ ಹೋಗಿಬರಲು ಒಂದು ಮಿಲಿಸೆಕೆಂಡು, ಸೆಕೆಂಡಿನ ಸಾವಿರದ ಒಂದು ಪಾಲು, ಬೇಕು. ಬೆಂಗಳೂರಿಗೂ ಕಲಬುರಗಿಗೂ ತಂತಿಯ ದಾರಿ 600 ಕಿಲೋಮೀಟರಿನ ಆಸುಪಾಸು ಎಂದಿಟ್ಟುಕೊಂಡರೆ ಬೆಳಕಿಗೇ 6 ಮಿಲಿಸೆಕೆಂಡು. ನಡುವಿನ ಸಲಕರಣೆಗಳ ತಡ ಅದರ ಮೇಲೆ. ವಿಎಂವೇರ್ ಸಂಸ್ಥೆಯ ವಿಸ್ಯಾನ್ ಎಂಬ ಸಂಗ್ರಹ ತಂತ್ರಾಂಶವನ್ನು ಎರಡು ತಾಣಗಳ ನಡುವೆ ಹರಡಿ ಏಕಕಾಲಕ್ಕೆ ಬರೆಸಬೇಕಾದರೆ ಹೋಗಿಬರುವ ವಿಳಂಬ 5 ಮಿಲಿಸೆಕೆಂಡು ಮೀರಬಾರದೆಂಬ ಷರತ್ತಿದೆ. ಆದ್ದರಿಂದ ಬೆಂಗಳೂರು ಮತ್ತು ಕಲಬುರಗಿ ಅಂಥ ಜೋಡಿಯಾಗಲಾರವು. ಇದು ಹಣದಿಂದ ಬಗೆಹರಿಯುವ ಕೊರತೆಯಲ್ಲ, ಬೆಳಕಿನ ವೇಗದ ಮಿತಿ. ಹೈದರಾಬಾದು ಕಲಬುರಗಿಗೆ ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್ ಮಾತ್ರ, ಕಾಗದದ ಮೇಲಾದರೂ ಆ ಮಿತಿಯೊಳಗೆ ಬರುತ್ತದೆ. 1956ರಲ್ಲಿ ಈ ಜಿಲ್ಲೆ ಹೈದರಾಬಾದು ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿತಾದರೂ ತಂತಿಯ ಲೆಕ್ಕದಲ್ಲಿ ಹಳೆಯ ರಾಜಧಾನಿಯೇ ಇಂದಿಗೂ ಹತ್ತಿರ ಎಂಬುದನ್ನು ತಾಣಗಳ ನಕ್ಷೆ ಬಿಡಿಸುವವರು ಮರೆಯಬಾರದು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವೂ ತನ್ನ ರಾಷ್ಟ್ರಮಟ್ಟದ ದತ್ತಾಂಶ ಕೇಂದ್ರಗಳನ್ನು ದೆಹಲಿ, ಪುಣೆ, ಹೈದರಾಬಾದು, ಭುವನೇಶ್ವರ ಮೊದಲಾದ ಊರುಗಳಲ್ಲಿ ಹಂಚಿಟ್ಟಿದೆ. ಅವುಗಳಲ್ಲಿ ಕಲಬುರಗಿಗೆ ಹತ್ತಿರದ್ದು ಹೈದರಾಬಾದಿನದೇ.

ಏಕಕಾಲದ ಬರವಣಿಗೆ ಆಗದಿದ್ದಾಗ ಉಳಿಯುವುದು ಹಿಂದೆ ಹಿಂದೆ ಬರುವ ನಕಲು: ಮೊದಲ ತಾಣದಲ್ಲಿ ಬರೆದದ್ದು ಐದೋ ಹದಿನೈದೋ ನಿಮಿಷಗಳ ನಂತರ ಎರಡನೆಯದಕ್ಕೆ ತಲುಪುತ್ತದೆ. ಮೊದಲನೆಯದು ಹಠಾತ್ತನೆ ಸತ್ತರೆ ಆ ಹದಿನೈದು ನಿಮಿಷದ ಕೆಲಸ ಹೋದಂತೆ. ಹೀಗೆ ಎಷ್ಟು ಹೊತ್ತಿನ ಕೆಲಸ ಹೋದರೆ ಸಹಿಸಬಹುದು ಎಂಬ ಮಿತಿ ಒಂದು, ಎಷ್ಟು ಹೊತ್ತಿನೊಳಗೆ ಕೆಲಸ ಮತ್ತೆ ಶುರುವಾಗಬೇಕು ಎಂಬ ಮಿತಿ ಇನ್ನೊಂದು. ಎರಡನ್ನೂ ಗೊತ್ತುಮಾಡುವ ಅಧಿಕಾರ ಸಿಸ್ಟಮ್ ಅಡ್ಮಿನ್‌ನದಲ್ಲ, ಆ ಕೆಲಸದ ಒಡೆತನ ಹೊತ್ತ ಅಧಿಕಾರಿಯದು ಎಂಬುದು ಈ ಪತ್ರದ ಖಚಿತ ಅಭಿಪ್ರಾಯ. ಬ್ಯಾಂಕಿನ ಹಣ ಪಾವತಿ ವಿಭಾಗಕ್ಕೆ ಹದಿನೈದು ನಿಮಿಷ ಯುಗವಾದೀತು, ಕಾಲೇಜಿನ ಪ್ರಯೋಗಾಲಯಕ್ಕೆ ಒಂದು ದಿನವೂ ನಡೆದೀತು. ಈ ಅಂಕಿಯನ್ನು ಬರೆಸಿಕೊಂಡು ಸಹಿ ಪಡೆಯದೆ ವ್ಯವಸ್ಥೆ ಕಟ್ಟಿದ ಅಡ್ಮಿನ್, ಆಪತ್ತಿನ ದಿನ ತಾನು ಕೊಡದ ಭರವಸೆಗೆ ಉತ್ತರ ಹೇಳುತ್ತ ನಿಲ್ಲಬೇಕಾಗುತ್ತದೆ.

ಸ್ಪ್ಲಿಟ್ ಬ್ರೈನ್ ತಡೆಯಲು ಮೂರನೆಯ ಊರಿನಲ್ಲೊಂದು ಚಿಕ್ಕ ಯಂತ್ರವನ್ನು ಇಡುವ ಪದ್ಧತಿಯಿದೆ. ಅದನ್ನು ವಿಟ್ನೆಸ್, ಅಂದರೆ ಸಾಕ್ಷಿ, ಎನ್ನುತ್ತಾರೆ. ಎರಡು ತಾಣಗಳ ಮಾತು ನಿಂತಾಗ ಯಾವುದು ಬದುಕಿದೆಯೆಂದು ಸಾಕ್ಷಿ ಹೇಳುತ್ತದೋ ಅದಕ್ಕೆ ಮಾತ್ರ ಬರೆಯುವ ಹಕ್ಕು. ಅದು ಕೆಲಸದ ಕಡತಗಳನ್ನು ಹೊರದೆ ತೀರ್ಮಾನವನ್ನಷ್ಟೇ ಹೊರುವುದರಿಂದ ಅದಕ್ಕೆ 200 ಮಿಲಿಸೆಕೆಂಡು ತಡವಾದರೂ ವಿಸ್ಯಾನ್ ಒಪ್ಪುತ್ತದೆ. ಆದರೆ ಸಾಕ್ಷಿಯನ್ನು ಎರಡು ತಾಣಗಳಲ್ಲಿ ಒಂದರ ಕಟ್ಟಡದಲ್ಲೇ ಕೂರಿಸಿ ಕೈತೊಳೆದುಕೊಂಡರೆ, ಒಬ್ಬ ಕಕ್ಷಿದಾರನ ಮನೆಯಲ್ಲಿ ಕುಳಿತು ಪಂಚನಾಮೆ ಬರೆದಂತಾಗುತ್ತದೆ.

ನಕಲಿನಷ್ಟೇ ಮುಖ್ಯವಾದುದು ಬ್ರೋಕರ್. ಲಾಗಿನ್ ಆದ ನೌಕರ ಯಾರು, ಅವನಿಗೆ ಯಾವ ಡೆಸ್ಕ್‌ಟಾಪಿಗೆ ಹಕ್ಕಿದೆ, ಯಾವ ತಾಣದಲ್ಲಿ ಜಾಗವಿದೆ ಎಂದು ನೋಡಿ ಎರಡನ್ನೂ ಕೂಡಿಸುವ ತಂತ್ರಾಂಶ ಅದು. ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿಯ ರಾಶಿಯೂ ಇದ್ದು ಖರೀದಿದಾರನೂ ಇದ್ದು ಅಡತಿ ಅಂಗಡಿ ಮುಚ್ಚಿದ್ದರೆ ವ್ಯಾಪಾರ ಹೇಗೆ ಕುದುರುವುದಿಲ್ಲವೋ, ಹಾಗೆ ಸರ್ವರುಗಳೆಲ್ಲ ನೆಟ್ಟಗಿದ್ದರೂ ಬ್ರೋಕರ್ ನಿಂತರೆ ಹೊಸದಾಗಿ ಯಾರೂ ಒಳಗೆ ಬರಲಾರರು. ಪ್ರತಿ ತಾಣಕ್ಕೂ ತನ್ನದೇ ಬ್ರೋಕರ್ ಇದ್ದು, ಒಬ್ಬರ ಹಕ್ಕುಪಟ್ಟಿ ಇನ್ನೊಬ್ಬರಿಗೂ ತಿಳಿದಿರುವ ಏರ್ಪಾಡನ್ನು ವಿಎಂವೇರ್ 2014ರಲ್ಲಿ ತನ್ನ ವಿಡಿಐ ತಂತ್ರಾಂಶವಾದ ಹೊರೈಜನ್ 6ರೊಂದಿಗೆ ಕೊಟ್ಟಿತು. ಸಿಟ್ರಿಕ್ಸ್‌ನಲ್ಲಿ ಅದಕ್ಕೆ ಸರಿಸಮಾನವಾದುದು ಝೋನ್ ಪದ್ಧತಿ. ಹೊರೈಜನ್‌ನ ಹೋಮ್ ಸೈಟ್ ಎಂಬ ಕಲ್ಪನೆಗೆ ಕನ್ನಡದಲ್ಲಿ ‘ತವರು ತಾಣ’ ಎಂಬ ಹೆಸರು ಒಪ್ಪುತ್ತದೆ. ನೌಕರನು ಎಲ್ಲಿಂದ ಲಾಗಿನ್ ಆದರೂ ಅವನ ಪ್ರೊಫೈಲ್ ಇರುವ ತವರಿಗೇ ಮೊದಲು ಕಳುಹಿಸುವುದು ಅದರ ಕೆಲಸ. ನಕ್ಷೆಯಲ್ಲಿ ಹತ್ತಿರ ಕಂಡ ತಾಣಕ್ಕೆ ಕಳುಹಿಸಿ, ಪ್ರೊಫೈಲನ್ನು ಮಾತ್ರ 600 ಕಿಲೋಮೀಟರ್ ಆಚೆಯಿಂದ ಎಳೆಸುವುದು ಈ ವೃತ್ತಿಯಲ್ಲಿ ಬಹಳ ಸಲ ಕಾಣುವ ತಪ್ಪು. ಪರದೆಯ ಚಿತ್ರ ದೂರದಿಂದ ಬರುವುದನ್ನು ಬಳಕೆದಾರ ಸಹಿಸಬಲ್ಲ, ಪ್ರತಿ ಫೈಲು ದೂರದಿಂದ ಬರುವುದನ್ನು ಸಹಿಸಲಾರ.

ನಮೂನೆಗೆ ತಂಟೆಯಿಲ್ಲವೆಂದು ಮೇಲೆ ಹೇಳಿದ್ದಕ್ಕೆ ಒಂದು ತಿದ್ದುಪಡಿ ಅಗತ್ಯ. ಎರಡು ತಾಣಗಳ ಗೋಲ್ಡನ್ ಇಮೇಜುಗಳು ದಿನಕಳೆದಂತೆ ಒಂದಕ್ಕೊಂದು ಬೇರೆಯಾಗುತ್ತ ಹೋಗುತ್ತವೆ: ಒಂದರಲ್ಲಿ ಹೊಸ ತಿದ್ದುಪಡಿ ಸೇರಿರುತ್ತದೆ, ಇನ್ನೊಂದರಲ್ಲಿ ಮರೆತಿರುತ್ತದೆ. ಕರ್ನಾಟಕದ ಕಚೇರಿಗಳಲ್ಲಿ ಇದು ಮೊದಲು ಬಯಲಾಗುವುದು ಅಕ್ಷರದಲ್ಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳು ಯುನಿಕೋಡಿನಲ್ಲಿ ಇಲ್ಲವಾದ್ದರಿಂದ ಆ ಫಾಂಟು ಇರುವ ಯಂತ್ರದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತವೆ, ಎರಡನೆಯ ತಾಣದ ಮಾದರಿಯಲ್ಲಿ ಆ ಫಾಂಟು ಬಿಟ್ಟುಹೋಗಿದ್ದರೆ, ಕಡತ ಸುರಕ್ಷಿತವಾಗಿ ತಲುಪಿಯೂ ಓದಲು ಬಾರದ ಚಿಹ್ನೆಗಳ ಸಾಲಾಗುತ್ತದೆ. ಕೀಲಿಮಣೆಯ ವಿನ್ಯಾಸವೂ ಹಾಗೆಯೇ: ಒತ್ತಿದ ಕೀಲಿ ಯಾವ ಅಕ್ಷರವೆಂದು ತೀರ್ಮಾನಿಸುವ ತಂತ್ರಾಂಶ ದೂರದ ಡೆಸ್ಕ್‌ಟಾಪಿನಲ್ಲಿರುವಾಗ ಅಲ್ಲಿ ವಿನ್ಯಾಸ ತಪ್ಪಿದ್ದರೆ ‘ಕ’ ಒತ್ತಿದವರಿಗೆ ಬೇರೇನೋ ಮೂಡುತ್ತದೆ. ದೊಡ್ಡ ಕಂಪನಿಗಳ ಕೈಪಿಡಿಗಳು ಕನ್ನಡದ ಈ ಪಾಡನ್ನು ಹೇಳುವುದಿಲ್ಲವಾದ್ದರಿಂದ, ಫಾಂಟು, ಕೀಲಿಮಣೆ ಮತ್ತು ಒಂದು ಹಳೆಯ ನುಡಿ ಕಡತವನ್ನು ತೆರೆದು ನೋಡುವ ಪರೀಕ್ಷೆಯನ್ನು ಈ ನಾಡಿನ ಅಡ್ಮಿನ್‌ಗಳೇ ತಮ್ಮ ಪರಿಶೀಲನಾ ಪಟ್ಟಿಯ ಮೊದಲ ಸಾಲಿಗೆ ತರಬೇಕು.

ಮಾದರಿಗಳು ಒಂದೇ ಆಗಿರಬೇಕು, ಆದರೆ ಒಂದೇ ದಿನ ಬದಲಾಗಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ದೋಷಪೂರಿತ ತಿದ್ದುಪಡಿ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿತು. ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಬೆಂಕಿ, ನೆರೆ, ಭೂಕಂಪಗಳಿಗೆ ದೂರ ರಕ್ಷಣೆ ಕೊಡುತ್ತದೆ. ತಪ್ಪು ತಿದ್ದುಪಡಿಗೆ ಕೊಡುವುದಿಲ್ಲ, ಅದಕ್ಕೆ ರಕ್ಷಣೆ ಕಾಲದಲ್ಲಿದೆ. ಮೊದಲು ಹತ್ತು ಬಳಕೆದಾರರಿಗೆ, ಆಮೇಲೆ ಒಂದು ತಾಣಕ್ಕೆ, ಕೆಲವು ದಿನ ಕಾದು ಇನ್ನೊಂದಕ್ಕೆ ಎಂಬ ಕ್ರಮವನ್ನು ಎಷ್ಟೇ ಒತ್ತಡವಿದ್ದರೂ ಮುರಿಯಬಾರದು.

ಸಾಮರ್ಥ್ಯದ ಮಾತು ಚಿಕ್ಕದು, ಆದರೆ ನಿಷ್ಠುರವಾದುದು. ಎರಡು ತಾಣಗಳೂ ತಲಾ ಶೇ. 70ರಷ್ಟು ತುಂಬಿ ನಡೆಯುತ್ತಿದ್ದರೆ ಒಂದು ಬಿದ್ದ ದಿನ ಇನ್ನೊಂದು ಶೇ. 140 ಹೊರಬೇಕು, ಹೊರಲಾರದು. ಅದರ ಮೇಲೆ ಬೆಳಿಗ್ಗೆ 10 ಗಂಟೆಗೆ ಕಚೇರಿ ತೆರೆದಾಗ ಎಲ್ಲರೂ ಒಮ್ಮೆಗೇ ಲಾಗಿನ್ ಆಗುವ ನೂಕುನುಗ್ಗಲು ದಿನದ ಸರಾಸರಿಗಿಂತ ಬಹಳ ಭಾರವಾದುದು. ಎರಡನೆಯ ತಾಣವನ್ನು ಮಧ್ಯಾಹ್ನದ ಹೊತ್ತು ಪರೀಕ್ಷಿಸಿ ಸಾಕೆಂದವರು ಆ ಭಾರವನ್ನು ಅಳೆದೇ ಇರುವುದಿಲ್ಲ. ಯಂತ್ರಗಳಿಗೆ ಒಳಬರುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ತಂಪಿನ ಯಂತ್ರ ಮತ್ತು ಜನರೇಟರಿನ ಲೆಕ್ಕವನ್ನು ಬೆಂಗಳೂರಿನ ಹವೆಯಿಂದ ತೆಗೆಯಲಾಗದು.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವುದು ಕಮಲಾಪುರದ ಮೇಜು. ಡೇಟಾ ಸೆಂಟರುಗಳ ನಡುವೆ ಎರಡೆರಡು ತಂತಿಗಳಿದ್ದು, ಕಲಬುರಗಿಯಿಂದ ಕಮಲಾಪುರಕ್ಕೆ ಒಂದೇ ತಂತಿಯಿದ್ದು, ಹೆದ್ದಾರಿಯ ಬದಿಯಲ್ಲಿ ಜೆಸಿಬಿಯೊಂದು ಅದನ್ನು ಕಡಿದರೆ ಆ ಮೇಜಿನ ಪಾಲಿಗೆ ಎರಡು ತಾಣಗಳೂ ಸತ್ತಂತೆಯೇ. ಹಳೆಯ ಪಿಸಿಯಾಗಿದ್ದರೆ ಜಾಲವಿಲ್ಲದೆಯೂ ಒಂದು ಪತ್ರ ಟೈಪು ಮಾಡಬಹುದಿತ್ತು; ಥಿನ್ ಕ್ಲೈಂಟ್ ಎಂಬ, ಚಿತ್ರ ತೋರಿಸುವುದಕ್ಕಷ್ಟೇ ಶಕ್ತವಾದ ಪುಟ್ಟ ಪೆಟ್ಟಿಗೆ ತಂತಿ ಕಡಿದ ಕ್ಷಣದಲ್ಲಿ ಕಪ್ಪು ಪರದೆಯಾಗುತ್ತದೆ. ಕಡಿಮೆ ವಿದ್ಯುತ್ತಿನಲ್ಲಿ, ಸಣ್ಣ ಯುಪಿಎಸ್ ಮೇಲೆ ಬಹುಹೊತ್ತು ನಡೆಯುವುದು ಆ ಪೆಟ್ಟಿಗೆಯ ದೊಡ್ಡ ಗುಣ, ಪದೇ ಪದೇ ಕರೆಂಟು ಹೋಗುವ ಊರುಗಳಲ್ಲಿ ಅದು ವರದಾನವೇ ಸರಿ. ಆದರೆ ಆ ವರದಾನ ಫಲಿಸಲು ಬೇರೆ ದಾರಿಯಲ್ಲಿ ಬರುವ ಎರಡನೆಯ ಸಂಪರ್ಕ, ಮೊಬೈಲ್ ಜಾಲದ್ದಾದರೂ ಸರಿ, ಇರಲೇಬೇಕು. ಹೋಗಿಬರುವ ವಿಳಂಬ 100 ಮಿಲಿಸೆಕೆಂಡು ದಾಟಿದರೆ ಟೈಪು ಮಾಡುವ ಬೆರಳಿಗೆ ಅದು ತಿಳಿಯುತ್ತದೆ ಎಂಬುದನ್ನೂ ಅಳೆದು ನೋಡಬೇಕು, ಅದೂ ಕಮಲಾಪುರದಲ್ಲೇ ಕುಳಿತು. ಅಧಿಕಾರಿಗಳ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬೆರಳಚ್ಚಿನ ಯಂತ್ರ, ಮುದ್ರಕ ಇವು ಮೂರೂ ಮೇಜಿನ ಬಳಿಯಲ್ಲೇ ಇರುತ್ತವೆ, ಅವುಗಳನ್ನು ಬಳಸುವ ತಂತ್ರಾಂಶ ಮಾತ್ರ ದೂರದಲ್ಲಿರುತ್ತದೆ. ಎರಡನೆಯ ತಾಣಕ್ಕೆ ಹೊರಳಿದ ದಿನ ಡೆಸ್ಕ್‌ಟಾಪ್ ತೆರೆದುಕೊಂಡು, ಸಹಿ ಮಾಡಲಾಗದೆ, ಮುದ್ರಣ ಬಾರದೆ ಕೆಲಸ ನಿಲ್ಲುವುದು ಇಲ್ಲಿಯೇ.

ತಾಜಸುಲ್ತಾನಪುರದಲ್ಲಿ ರಾಜ್ಯ ಮೀಸಲು ಪೊಲೀಸಿನ 6ನೇ ಪಡೆಯ ನೆಲೆಯಿದೆ. ಗಲಭೆಯಿಲ್ಲದ ದಿನಗಳಲ್ಲೇ ಕವಾಯತು ನಡೆಯಬೇಕೆಂಬುದನ್ನು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತಾಣ ಬದಲಾಯಿಸುವ ಅಭ್ಯಾಸಕ್ಕೂ ಅದೇ ಶಿಸ್ತು ಬೇಕು: ವರ್ಷಕ್ಕೆ ಎರಡು ಬಾರಿಯಾದರೂ, ಕೆಲಸದ ದಿನವೇ, ಮುಂಚಿತವಾಗಿ ತಿಳಿಸಿ ಮೊದಲ ತಾಣವನ್ನು ನಿಲ್ಲಿಸಿ, ಇಡೀ ದಿನ ಎರಡನೆಯದರಿಂದ ನಡೆಸಿ, ಸಂಜೆ ಮರಳಬೇಕು. ಹೋಗುವುದಕ್ಕಿಂತ ಮರಳುವುದು ಕಷ್ಟ ಎಂಬುದು ಒಮ್ಮೆ ಮಾಡಿದವರಿಗಷ್ಟೇ ಗೊತ್ತು, ಏಕೆಂದರೆ ಮರಳುವಾಗ ಬರೆಯುವ ಹಕ್ಕು ಕೈ ಬದಲಾಯಿಸಬೇಕು ಮತ್ತು ಆ ದಿನ ಬರೆದದ್ದೆಲ್ಲ ಹಿಂದಕ್ಕೆ ಹರಿಯಬೇಕು. ವಾಯಿದೆ ಮುಗಿದ ಪ್ರಮಾಣಪತ್ರ, ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡ ಡಿಎನ್‌ಎಸ್, ಒಂದೇ ತಾಣದಲ್ಲಿ ಇರಿಸಿದ್ದ ಪಾಸ್‌ವರ್ಡ್ ಸರ್ವರ್ ಇಂಥವು ಸಿಕ್ಕಿಬೀಳುವುದು ಅಂದೇ. ಕವಾಯತಿನ ವರದಿಗೆ ಸಹಿ ಬೀಳುವ ಮೊದಲು ಕಮಲಾಪುರದಂಥ ಕೊನೆಯ ಕಿಟಕಿಯೊಂದರಲ್ಲಿ ಅಧಿಕಾರಿಯ ಟೋಕನ್ನಿನಿಂದ ಸಹಿಯಾದ ಕನ್ನಡದ ಹಾಳೆಯೊಂದನ್ನು ಮುದ್ರಿಸಿ, ಅದರ ಮೇಲಿನ ಗಂಟೆ ಮತ್ತು ನಿಮಿಷವನ್ನು ವರದಿಗೆ ಲಗತ್ತಿಸುವ ನಿಯಮವನ್ನು ತಮ್ಮ ತಮ್ಮ ಸಂಸ್ಥೆಗಳಲ್ಲಿ ಜಾರಿಗೆ ತರಬೇಕೆಂದು ಈ ಪತ್ರವು ತಮ್ಮೆಲ್ಲರನ್ನು ಕೋರುತ್ತದೆ.